ಹತ್ತೊಂಬತ್ತನೇ ಸುತ್ತು
ಇಟಲಿಯ ಮೊದೆನಾ ಊರಿನ ನಮ್ಮ ಬೀದಿಯಲ್ಲಿ ರೇಸುಗಾರನ ಹೆಂಡತಿ ಎಂದರೆ ಫೌಸ್ತಾ. ಪಂದ್ಯದ ದಿನ ಓಟದ ದಾರಿಯ ಪಕ್ಕದ ಪಿಟ್ ಗೋಡೆಯ ಮೇಲೆ ಕೂತು, ನೆತ್ತಿಯ ಮೇಲೆ ಸೂರಿಲ್ಲದ ಕಾರಿನಲ್ಲಿ ಗಂಡ ರೆಂಜೋ ಹಾಕುವ ಒಂದೊಂದು ಸುತ್ತನ್ನೂ ಅಳೆದು ಬರೆಯುವುದು ಅವಳ ಕೆಲಸ, ಸಂಬಳವಿಲ್ಲ. ಬೆಸ ಸುತ್ತಿಗೊಂದು, ಸಮ ಸುತ್ತಿಗೊಂದು ಎಂದು ಕೊರಳಲ್ಲಿ ಎರಡು ಸ್ಟಾಪ್‌ವಾಚು. ಅವನ ಅಂಗಿಯ ಎದೆಗೆ ರಕ್ತದ ಗುಂಪನ್ನು ಕೆಂಪು ದಾರದಲ್ಲಿ ಕಸೂತಿ ಹಾಕುವವಳೂ ಅವಳೇ. ಅವನು ಅಂಗಡಿಗೆ ಹೋಗಿಬಂದರೂ ಅವಳ ಲೆಕ್ಕಕ್ಕೆ ಆರು ನಿಮಿಷ. ಏಳಾದರೆ ಸೌಟು ಹಿಡಿದೇ ಬಾಗಿಲಿಗೆ ಬರುತ್ತಾಳೆ. "ನಡ್ಕೊಂಡು ಹೋದವನು ಮಗುಚಿ ಬೀಳ್ತಾನೇನೇ?" ಎಂದು ನಾನು ರೇಗಿಸಿದರೆ, "ನಡೆಯೋದು ಅವನಿಗೆ ಅಭ್ಯಾಸ ಇಲ್ಲ ಕಣೇ" ಎನ್ನುತ್ತಾಳೆ. ಕಳೆದ ಸೆಪ್ಟೆಂಬರಿನಲ್ಲಿ ಹತ್ತೊಂಬತ್ತನೇ ಸುತ್ತಿಗೆ ರೆಂಜೋ ಬರಲಿಲ್ಲ. ತಿರುವಿನಲ್ಲಿ ಕಾರು ಮಗುಚಿ ಹೊತ್ತಿಕೊಂಡಿತ್ತು. ಬದುಕಿಕೊಂಡ, ಕೈಗಳೆರಡೂ ಸುಟ್ಟವು. ಈಗ ಅವಳು ಚಮಚದಲ್ಲಿ ಕುಡಿಸುವ ಸೂಪು ಕುಡಿಯುತ್ತಾ, "ವಸಂತಕ್ಕೆ ಮತ್ತೆ ಓಡಿಸ್ತೀನಿ" ಎನ್ನುತ್ತಾನೆ. ಅವಳು ಅವನ ಬಾಯಿ ಒರೆಸುತ್ತಾಳೆ. ಈಚೆಗೆ ಅವಳ ಕೊರಳಲ್ಲಿ ಒಂದೇ ವಾಚು. ಮೊನ್ನೆ ಉಪ್ಪು ಕೇಳಲು ಹೋದಾಗ ಇನ್ನೊಂದು ಒಲೆಯ ಪಕ್ಕದ ಮೊಳೆಯಲ್ಲಿ ನೇತಾಡುತ್ತಾ ಓಡುತ್ತಿತ್ತು. "ಇದನ್ನ ಯಾಕೆ ನಿಲ್ಲಿಸಿಲ್ಲ?" ಎಂದೆ. "ಅದು ಹತ್ತೊಂಬತ್ತನೇ ಸುತ್ತಿಂದು. ದಿನಾ ಬೆಳಿಗ್ಗೆ ಕೀಲಿ ಕೊಡ್ತೀನಿ," ಎಂದಳು. ಪಕ್ಕದ ಕೋಣೆಯಲ್ಲಿ ರೆಂಜೋ ಕೆಮ್ಮಿದ. ಅವಳು ವಾಚಿನ ಮುಳ್ಳನ್ನೇ ನೋಡುತ್ತಾ ಅಂದಳು: "ಅವನು ಇನ್ನೂ ಬಂದಿಲ್ಲ ಕಣೇ."