ರಾಗಿ ಕೇಕಿಗೆ ಉಪ್ಸಾರು

ಮಕ್ಕಳ ಹುಟ್ಟುಹಬ್ಬಕ್ಕೆ ಮನೆಯಲ್ಲೇ ಪೌಷ್ಟಿಕ ತಿಂಡಿ ಮಾಡುವುದನ್ನು ಹಳ್ಳಿಯ ಹೆಂಗಸರಿಗೆ ಕಲಿಸಬೇಕೆಂದು ನಮ್ಮ ಸಾಹೇಬರು ಹುಕುಂ ಹೊರಡಿಸಿದರು. ಗ್ರಾಮಸೇವಿಕೆಯಾಗಿದ್ದ ನಾನು ಹರದನಹಳ್ಳಿಗೆ ಹೋದೆ. ಅಲ್ಲಿ ಯಾವ ಮಗು ಯಾವತ್ತು ಹುಟ್ಟಿತೆಂದು ಯಾರಿಗೂ ಗೊತ್ತಿರಲಿಲ್ಲ. "ಅವರೆಕಾಯಿ ಕಾಲದಲ್ಲಿ ಉಟ್ದ ಕಣವ್ವ" ಎಂದು ನಂಜಮ್ಮನೆಂಬ ಅಜ್ಜಿ ತನ್ನ ಮೂರು ವರ್ಷದ ಮೊಮ್ಮಗನನ್ನು ತಂದು ಕೂರಿಸಿದಳು. ಅವತ್ತೇ ಅವನ ಹುಟ್ಟುಹಬ್ಬವೆಂದು ನಾನೇ ತೀರ್ಮಾನಿಸಿಬಿಟ್ಟೆ.

ರಾಗಿಹಿಟ್ಟು, ಬೆಲ್ಲ, ಬೆಣ್ಣೆ, ಚೂರು ಸೋಡಾ ಕಲಸಿ, ಪಾತ್ರೆಯ ಕೆಳಗೂ ಮೇಲೂ ಕೆಂಡವಿಟ್ಟು ಬೇಯಿಸಿ, ದುಂಡನೆಯ ಕೇಕು ಇಳಿಸಿದೆ. ಕಡಲೆಕಾಯಿ ಬೀಜದಲ್ಲಿ ಅದಕ್ಕೆ ಕಣ್ಣು, ಮೂಗು ಇಟ್ಟೆ. ಹೆಂಗಸರು ತುಂಡು ಮುರಿದು, ಮುದ್ದೆಯಂತೆ ಉಂಡೆ ಕಟ್ಟಿ, ಗುಳುಂ ಎಂದು ನುಂಗಿ ಕೆಮ್ಮತೊಡಗಿದರು.

"ಅಗಿದು ತಿನ್ನಿ!" ಎಂದು ಕೂಗಿದೆ.

"ರಾಗಿಯ ಯಾರಾರೂ ಅಗೀತಾರಾ? ಬುಡವ್ವ" ಎಂದು ನಂಜಮ್ಮ ಒಳಗಿಂದ ಉಪ್ಸಾರು ತಂದು ಕೇಕಿನ ಮೇಲೆ ಸುರಿದಳು. ಹುಟ್ಟುಹಬ್ಬದ ಮಗು ಕಣ್ಣು, ಮೂಗನ್ನಷ್ಟೇ ಹೆಕ್ಕಿ ತಿಂದು ಎದ್ದುಹೋಯಿತು.

ಮುಂದಿನ ವಾರ ಚಾಮರಾಜನಗರದಿಂದ ಸಾಹೇಬರೇ ತಪಾಸಣೆಗೆ ಬಂದರು. ಅದೇ ಮಗುವಿಗೆ ಇನ್ನೊಂದು ಹುಟ್ಟುಹಬ್ಬ ಮಾಡಿದೆವು. ಪೌಷ್ಟಿಕತೆಯ ಮೇಲೆ ಉದ್ದನೆಯ ಭಾಷಣ ಮುಗಿಸಿ ಕೇಕಿಗೆ ಕೈ ಹಾಕಿದವರು, ಬೆರಳಲ್ಲೇ ಉಂಡೆ ಕಟ್ಟುತ್ತಾ ಅತ್ತಿತ್ತ ನೋಡಿ ಮೆಲ್ಲಗೆ ಕೇಳಿದರು: "ಸಾರು ಇಲ್ವೇನಮ್ಮ?"