ಕೋಳಿಯ ಅರ್ಧ ಟಿಕೆಟ್

“ಅದು ಆಗಾಕಿಲ್ಲ ಬುಡಿ ಮೇಡಮ್ಮೋರೆ” ಎಂದಿದ್ದವರು ಆತಗೂರಿನ ಮೇಸ್ತ್ರಿ ಪುಟ್ಟಸ್ವಾಮಣ್ಣ. ಈ ಬೆಳಿಗ್ಗೆ ಗೋಡೆಯ ಮೇಲಿನ ಸರ್ಟಿಫಿಕೇಟನ್ನು ಇಳಿಸಿ ಧೂಳು ಒರೆಸುವಾಗ ಅವರ ದನಿ ಮತ್ತೆ ಕೇಳಿದಂತಾಯಿತು. ಅದೇ ಚೌಕಟ್ಟಿನ ಮೂಲೆಯಲ್ಲಿ, ಗಾಜಿನ ಕೆಳಗೆ, ಬೆರಳುದ್ದದ ಚೀಟಿಯೊಂದಿದೆ. ಅಕ್ಷರವೆಲ್ಲ ಮಾಸಿ ಬರೀ ಬಿಳಿ ಕಾಗದವಾಗಿದೆ. ಖಾಲಿ ಚೀಟಿಗೇಕೆ ಗಾಜಿನ ಮನೆ ಎಂದು ನೀವು ಕೇಳುವುದು ನ್ಯಾಯವೇ. ಕೂತುಕೊಳ್ಳಿ, ಹೇಳುತ್ತೇನೆ.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಕಿರುಗಾವಲಿನಿಂದ ದಿನಾ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಸಂಪಾದಿಸಿದ ಡಿಗ್ರಿ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಪ್ರಾಣಿಶಾಸ್ತ್ರ ಓದಿ, ದುರಸ್ತಿಗೆಂದು ಮುಚ್ಚಿದ್ದ ಮಂಡ್ಯದ ಪುಟ್ಟ ಮ್ಯೂಸಿಯಂ ಒಂದಕ್ಕೆ ತಾತ್ಕಾಲಿಕ ಸಹಾಯಕಿಯಾಗಿ ಸೇರಿದೆ. ಅಲ್ಲೊಂದು ಆಳೆತ್ತರದ ಸಿಮೆಂಟ್ ಡೈನೋಸಾರ್ ಇತ್ತು. ಎದೆ ಸೆಟೆಸಿ, ಬಾಲವನ್ನು ನೆಲಕ್ಕೂರಿ, ಊಟವಾದ ಮೇಲೆ ಗೋಡೆಗೊರಗಿದ ಯಜಮಾನರ ಹಾಗೆ ನಿಂತಿತ್ತು. ಇದು ಹಳೆಯವರ ತಪ್ಪು ಕಲ್ಪನೆ, ಬಾಲ ನೆಲ ಬಿಟ್ಟಿರಬೇಕು ಎಂದು ನಾನು ಹಟ ಹಿಡಿದೆ. ಮುಖ್ಯಸ್ಥರು, “ಮ್ಯೂಸಿಯಂ ಮತ್ತೆ ತೆರೆಯೋ ದಿನಕ್ಕೆ ನಿಲ್ಲಿಸಿ ತೋರಿಸಮ್ಮ, ಅನುಭವದ ಸರ್ಟಿಫಿಕೇಟು ಬರೆದುಕೊಡ್ತೀನಿ” ಎಂದರು. ಆ ಕಾಗದವಿಲ್ಲದೆ ಕಾಯಂ ಕೆಲಸಕ್ಕೆ ಅರ್ಜಿ ಹಾಕುವಂತಿರಲಿಲ್ಲ.

ಪುಟ್ಟಸ್ವಾಮಣ್ಣ ಒಳಗಿನ ಕಂಬಿ ಬಗ್ಗಿಸಿ ಬಾಲವನ್ನು ಮೇಲೆತ್ತಿದರು. ಆಸರೆಯ ಗಳ ತೆಗೆದದ್ದೇ ತಡ, ಪ್ರಾಣಿ ಹಿಂದಕ್ಕೆ ವಾಲಿತು. ಮೂರು ಸಲವೂ ಅಷ್ಟೇ.

“ಪುಸ್ತಕದಲ್ಲಿ ಹಿಂಗೇ ಇದೆಯಲ್ಲ ಅಣ್ಣ!”

“ಪುಸ್ತಕ ಬೀಳಾಕಿಲ್ಲ ಮೇಡಮ್ಮೋರೆ. ಇದು ಬೀಳ್ತದೆ.”

ಭಾನುವಾರ ಊರಿಗೆ ಹೋಗಿ ತಟ್ಟೆಯ ಮುಂದೆ ಮುಖ ಊದಿಸಿಕೊಂಡು ಕೂತೆ. ಅವ್ವ ಎಲ್ಲ ಕೇಳಿಸಿಕೊಂಡು, “ಎಲ್ಡು ಕಾಲಿಂದಾ ಅದು?” ಎಂದಳು. ಹೌದು, ನಮ್ಮ ಕೋಳಿಗಳೂ ಅದರ ವಂಶದವೇ ಎಂದೆ.

“ಅಯ್ಯೋ! ಅಬ್ಬ ಅಬ್ಬಕ್ಕೂ ಅವನ ಮೊಮ್ಮಕ್ಳನ್ನೇ ಕುಯ್ದಿದ್ದೀವಲ್ಲೇ!”

ಚಿಕ್ಕಂದಿನಲ್ಲಿ ಸಂಜೆ ಕೋಳಿ ಕೂಡುವುದು ನನ್ನ ಪಾಲಿನ ಕೆಲಸ. ಆ ಹಿಕ್ಕೆಯ ವಾಸನೆಯಿಂದ ತಪ್ಪಿಸಿಕೊಳ್ಳಲೆಂದೇ ಅರ್ಧ ಓದಿದೆನೇನೋ. ಸೋಮವಾರ ನೋಡಿದರೆ ನಮ್ಮನೆಯ ಕೋಳಿಯೊಂದು ಮ್ಯೂಸಿಯಂ ಬಾಗಿಲಲ್ಲಿ, ಅವ್ವನ ಕಂಕುಳ ಬುಟ್ಟಿಯಿಂದ ಕತ್ತು ಚಾಚಿ ನನ್ನನ್ನೇ ನೋಡುತ್ತಿತ್ತು.

“ಇದನ್ನ ಯಾಕವ್ವ ತಂದೆ? ಸರ್ ನೋಡಿದ್ರೆ?”

“ನೋಡ್ಲಿ ಬುಡು. ಕದ್ದು ಬಂದಿಲ್ಲ, ಟಿಕೀಟ್ ತಕ್ಕಂಡು ಬಂದೈತೆ. ಎಂಗಸ್ರಿಗೆ ಪುಕ್ಸಟ್ಟೆ, ಕೋಳಿಗೆ ಅರ್ಧ ಟಿಕೀಟಂತೆ. ಇದೂ ಎಂಗ್ಸೇ ಕಣಪ್ಪ ಅಂದ್ರೂ ಕಂಡಕ್ಟ್ರು ಕೇಳ್ನಿಲ್ಲ!”

ಕೋಳಿಯನ್ನು ನೆಲಕ್ಕೆ ಬಿಟ್ಟಳು. ಅದರ ಎದೆಗೆ ಕೈಕೊಟ್ಟು, ನಮ್ಮ ಡೈನೋಸಾರಿನಂತೆ ಸೆಟೆಸಿ ನಿಲ್ಲಿಸಿದಳು. ಕೋಳಿ ರೆಕ್ಕೆ ಬಡಿದು ಹಿಂದಕ್ಕೆ ಕುಕ್ಕರಿಸಿತು. ಕೈಬಿಟ್ಟಳು, ಎದೆ ಮುಂದಕ್ಕೆ ತಗ್ಗಿತು, ಬಾಲ ತಾನಾಗಿ ಮೇಲೆದ್ದಿತು, ಆರಾಮಾಗಿ ನಡೆದುಹೋಯಿತು.

“ಎದೆ ಇಳಿಸ್ದೆ ಬಾಲ ಎತ್ತಿದ್ರೆ ಎಂಗಪ್ಪ ನಿಂತದು?”

ಪುಸ್ತಕದ ಚಿತ್ರದಲ್ಲೂ ಎದೆ ತಗ್ಗಿಯೇ ಇತ್ತು. ನಾನು ಬಾಲವನ್ನಷ್ಟೇ ನೋಡಿದ್ದೆ. ಪುಟ್ಟಸ್ವಾಮಣ್ಣ ಸುತ್ತಿಗೆ ತಗೊಂಡು, ಸೊಂಟದ ಸಿಮೆಂಟ್ ಒಡೆದು, ಎದೆಯನ್ನು ಮುಂದಕ್ಕೆ ಬಗ್ಗಿಸಿ ಮತ್ತೆ ಸಿಮೆಂಟ್ ಮೆತ್ತಿದರು. ನಾಲ್ಕು ದಿನ ಬಿಟ್ಟು ಆಸರೆ ತೆಗೆದಾಗ ಪ್ರಾಣಿ ಎರಡೇ ಕಾಲ ಮೇಲೆ ನಿಂತಿತು.

ಮ್ಯೂಸಿಯಂ ತೆರೆದ ದಿನ ಮುಖ್ಯಸ್ಥರು ಎಲ್ಲರೆದುರು ಸರ್ಟಿಫಿಕೇಟು ಕೊಟ್ಟರು. ಅವ್ವ ಓದಿಸಿ ಕೇಳಿದಳು. “ಎಲ್ಲಾ ಸರಿ. ಕೋಳಿ ಇಸ್ಯ ಬರ್ನೇ ಇಲ್ವಲ್ಲ?” ಎಂದು ಸೆರಗಿನ ಗಂಟಿನಿಂದ ಆ ಟಿಕೆಟ್ ತೆಗೆದು ಕೊಟ್ಟಳು. “ನಂದು ಸೊನ್ನೆ ಟಿಕೀಟು, ಅಲ್ಲೇ ಎಸ್ದೆ. ಇದು ಕಾಸು ಕೊಟ್ಟಿದ್ದು.”

ಇಂದು ಗಾಜು ಬಿಚ್ಚಿ, ಮಾಸಿದ ಚೀಟಿಯ ಮೇಲೆ ಪೆನ್ನಿನಿಂದ ‘ಕೋಳಿ’ ಎಂದು ಬರೆದೆ. ಹಿಂದೆ ನಿಂತು ನೋಡುತ್ತಿದ್ದ ಅವ್ವ ಮೆಲ್ಲಗೆ ಅಂದಳು:

“ಪಕ್ಕದಾಗೆ ಜಾಗ ಇದ್ರೆ ನನ್ನೆಸ್ರೂ ಬರಿಯವ್ವ. ಕೋಳಿ ಒಂದೇ ಬಸ್ ಅತ್ತಿರ್ನಿಲ್ಲ.”