ಹುಲ್ಲು ಆರಿಸುವ ಸಮಿತಿ

ನನಗೂ ಹುಲ್ಲಿಗೂ ಸಂಬಂಧ ಅಷ್ಟಕ್ಕಷ್ಟೆ. ಫ್ಲೂಗರ್‌ವಿಲ್‌ನ ನಮ್ಮ ಮನೆ ಮುಂದಿನ ಹುಲ್ಲು ಪ್ರತಿ ಜುಲೈನಲ್ಲೂ ಒಣಗಿ ಸಾಯುತ್ತದೆ. ನಾನು ಹೆಚ್ಚು ಶೋಕಿಸುವುದಿಲ್ಲ. ಕತ್ತರಿಸುವ ಕೆಲಸ ತಪ್ಪಿತಲ್ಲ! ಇಂಥವನನ್ನು ಮಗಳು ಅನ್ವಿಯ ಪ್ರಿಸ್ಕೂಲಿನವರು ಆಟದ ಅಂಗಳಕ್ಕೆ ಪ್ಲಾಸ್ಟಿಕ್ ಹುಲ್ಲು ಆರಿಸುವ ಸಮಿತಿಗೆ ಹಾಕಿದರು. ಪೋಷಕರ ಸಭೆಯಲ್ಲಿ ನಾನು ಕೈ ಎತ್ತಿದ್ದೇ ಕಾರಣ. ಎತ್ತಿದ್ದು, ಕಾಫಿ ಎಲ್ಲಿದೆ ಎಂದು ಕೇಳಲಿಕ್ಕೆ.

ಸಮಿತಿಯ ಇನ್ನೊಬ್ಬ ಸದಸ್ಯೆ ಶಕುಂತಲಾ ಆಂಟಿ. ಧಾರವಾಡದವರು, ನಿವೃತ್ತ ಮಕ್ಕಳ ಡಾಕ್ಟರು. ಮೊಮ್ಮಗ ಅದೇ ಶಾಲೆಯಲ್ಲಿದ್ದಾನೆ.

ಮಾರಾಟಗಾರ ಬಂದು ಶಾಲೆಯ ಎ.ಸಿ. ಕೋಣೆಯಲ್ಲಿ ಮೂರು ತುಂಡು ಹುಲ್ಲು ಹರಡಿದ. ನಾನು ಬಣ್ಣ, ಎತ್ತರ, ವಾರಂಟಿ ಎಲ್ಲ ತುಂಬಿದ ಸ್ಪ್ರೆಡ್‌ಶೀಟ್ ತೆರೆದು ಗಂಭೀರನಾಗಿ ಕೂತೆ. ಕಡುಹಸಿರಿನ ತುಂಡಿಗೆ ಮನಸೋತು, ಅದಕ್ಕೆ ಕೆನ್ನೆಯನ್ನೂ ಒತ್ತಿ ನೋಡಿದೆ. ಅದರ ಎಳೆಗಳ ನಡುವೆ ಹಳೆಯ ಟೈರುಗಳನ್ನು ಅರೆದ ಕಪ್ಪು ಪುಡಿ ತುಂಬುತ್ತಾರೆ ಎಂದು ಮಾರಾಟಗಾರ ಒಂದು ಹಿಡಿ ಪುಡಿ ಸುರಿದು ವಿವರಿಸಿದ.

ಆಂಟಿ ಆ ಪುಡಿಯನ್ನು ಬೆರಳಲ್ಲಿ ಉಜ್ಜಿ ಮೂಸಿದರು. "ಇದನ್ನ ಹುಡುಗ್ರು ತಿಂತಾವ್ರಿ."

"ಟೈರ್ ಯಾರು ತಿಂತಾರೆ ಆಂಟಿ?"

"ಹುಡುಗ್ರ ಮೂಗಿನ್ಯಾಗಿಂದ ನಾ ಕಡ್ಲಿ ತಗದೀನಿ, ಗುಂಡಿ ತಗದೀನಿ, ಒಮ್ಮೆ ಬ್ಯಾಟರಿ ಸುದ್ದಾ ತಗದೀನಿ. ನನಗ ಹೇಳಬ್ಯಾಡ್ರಿ."

ಅದೇ ಹುಲ್ಲನ್ನು ಹ್ಯೂಸ್ಟನ್ ಹತ್ತಿರದ ಸೈಪ್ರೆಸ್‌ನ ಒಂದು ಶಿಶುವಿಹಾರದಲ್ಲಿ ಹಾಕಿದ್ದಾರೆಂದು ಗೊತ್ತಾಯಿತು. ಆಗಸ್ಟ್‌ನ ಒಂದು ಶನಿವಾರ ಇಬ್ಬರೂ ಎರಡೂವರೆ ಗಂಟೆ ಡ್ರೈವ್ ಮಾಡಿಕೊಂಡು ಹೋದೆವು. ಮಧ್ಯಾಹ್ನ ಎರಡು. ಅಂಗಳ ಹಸಿರಿನಿಂದ ಕಣ್ಣು ಕುಕ್ಕುತ್ತಿತ್ತು. ನಾನು ಫೋಟೋ ತೆಗೆಯುತ್ತಿದ್ದಾಗ ಆಂಟಿ ಹೇಳಿದರು: "ಶೂ ಬಿಚ್ಚ್ರಿ."

"ನಾನಾ?"

"ಹುಡುಗ್ರು ಬರಿಗಾಲ್ಲೇ ಓಡ್ತಾವು. ನೀವೂ ಓಡ್ರಿ."

ಮೊದಲ ಮೂರು ಹೆಜ್ಜೆ ಘನತೆಯಿಂದ ಇಟ್ಟೆ. ನಾಲ್ಕನೆಯದು ಕುಪ್ಪಳಿಕೆ. ಪಾದ ಉಳಿಸಿಕೊಳ್ಳಲು ಎದುರಿಗಿದ್ದ ಜಾರುಬಂಡಿಯ ಮೇಲೆ ಕೂತೆ. ಅದು ಹುಲ್ಲಿಗಿಂತ ಬಿಸಿ! ಕೂತಷ್ಟೇ ವೇಗದಲ್ಲಿ ಎದ್ದೆ. ನೆರಳಲ್ಲಿ ನಿಂತ ಆಂಟಿ ಗಡಿಯಾರ ನೋಡುತ್ತಾ, "ಎಷ್ಟು ಸೆಕೆಂಡ್ ತಡಕೊಂಡ್ರಿ?" ಎಂದು ಕೇಳುತ್ತಿದ್ದರು. ರಜೆಯಿದ್ದರೂ ನಮಗಾಗಿ ಗೇಟು ತೆರೆದಿದ್ದ ಅಲ್ಲಿನ ಟೀಚರ್ ಓಡಿಬಂದು ಪೈಪಿನಿಂದ ನನ್ನ ಕಾಲಿಗೆ ನೀರು ಹಾಯಿಸಿದರು. ವಾಪಸ್ ಬರುವಾಗ ಆಂಟಿಯೇ ಡ್ರೈವ್ ಮಾಡಿದರು. ನನಗೆ ನಗು ಬರಲಿಲ್ಲ. ಅಲ್ಲಿ ಅನ್ವಿ ನಿಂತಿದ್ದರೆ ಎಂಬುದೇ ತಲೆಯಲ್ಲಿತ್ತು. ಆ ಕಡುಹಸಿರಿಗೆ ಅವತ್ತೇ ಸಹಿ ಹಾಕಲು ಪೆನ್ನು ತೆಗೆದವನು ನಾನು.

ಆಮೇಲೆ ಬೇರೆಯೇ ಹುಲ್ಲು ಆರಿಸಿದೆವು. ತಿಳಿಬಣ್ಣದ್ದು, ಟೈರ್ ಪುಡಿ ಇಲ್ಲದ್ದು, ಬಣ್ಣದಲ್ಲಿ ವಿಷಕಾರಿ ಸೀಸವಿಲ್ಲವೆಂದು ಲ್ಯಾಬಿನ ಪತ್ರವಿದ್ದದ್ದು. ಕೆಳಗೆ, ಜಾರುಬಂಡಿಯ ಮೇಲಿಂದ ಬಿದ್ದರೂ ಪೆಟ್ಟಾಗದಷ್ಟು ದಪ್ಪದ ಫೋಮು. ಮೇಲೆ ನೆರಳಿಗೆ ದೊಡ್ಡ ಬಟ್ಟೆಯ ಚಪ್ಪರ. ಚಪ್ಪರವೆಂದಾಗ ಶಾಲೆಯ ಡೈರೆಕ್ಟರ್ ಹಿಂದುಮುಂದು ನೋಡಿದರು. ನನ್ನ ಕೆಂಪು ಪಾದಗಳ ಫೋಟೋ ತೋರಿಸಿದೆ. ಒಪ್ಪಿದರು. ನನ್ನ ಪಾದ ಜೀವಮಾನದಲ್ಲಿ ಮಾಡಿದ ಒಂದೇ ಸಮಾಜಸೇವೆ ಅದು.

ಅಕ್ಟೋಬರ್‌ನಲ್ಲಿ ಅಂಗಳ ತೆರೆಯಿತು. ಅನ್ವಿ ಜಾರುಬಂಡಿಯ ಮೆಟ್ಟಿಲೇರಿ, ನನ್ನತ್ತ ಕೈ ಬೀಸಿ, ಧೊಪ್ಪನೆ ಬಿದ್ದಳು. ಗೇಟಿನ ಬಳಿಯಿದ್ದ ನಾನು ಕಿರುಚಿಕೊಂಡು ಓಡಿದೆ. ದಾರಿಯ ಕಾಂಕ್ರೀಟ್ ಅಂಚಿಗೆ ಎಡವಿ ಮುಗ್ಗರಿಸಿದೆ. ಪ್ಯಾಂಟು ಹರಿಯಿತು, ಮಂಡಿಯಲ್ಲಿ ರಕ್ತ. ಅನ್ವಿ ಎದ್ದು ಬಟ್ಟೆ ಕೊಡವಿಕೊಂಡು ನನ್ನನ್ನು ನೋಡಲು ಬಂದಳು.

ಆಂಟಿ ಬ್ಯಾಂಡೇಜ್ ಅಂಟಿಸುತ್ತಾ ನಕ್ಕರು. "ಹುಡುಗ್ರು ಬೀಳೋ ಜಾಗ ಎಲ್ಲಾ ಮೆತ್ತಗ ಮಾಡಿದ್ವಿ. ಅಪ್ಪಂದ್ರು ಬೀಳೋ ಜಾಗ ಮರ್ತೇ ಬಿಟ್ವಿ ನೋಡ್ರಿ."

"ಅಪ್ಪಾ, ನೆಕ್ಸ್ಟ್ ಟೈಮ್ ಫಾಲ್ ಹಿಯರ್," ಎಂದು ಅನ್ವಿ ಹುಲ್ಲನ್ನು ತಟ್ಟಿ ತೋರಿಸಿದಳು.

ಕುಂಟುತ್ತಾ ಹೋಗಿ ಅಲ್ಲಿ ಕೂತೆ. ನಿಜಕ್ಕೂ ಮೆತ್ತಗಿತ್ತು.